ಹುಣಸೆಹಣ್ಣಿನಲ್ಲಿ ತೊಳೆದ ಗಡಿಯಾರ

ಆ ಸೋಮವಾರ ಮಧ್ಯಾಹ್ನ ಮಂಡ್ಯದ ನನ್ನ ಗಡಿಯಾರದಂಗಡಿಯ ಮೆಟ್ಟಿಲು ಹತ್ತಿದವರು ಇಬ್ಬರು. ಮುಂದಿದ್ದವರು ಬೆಂಗಳೂರಿನ ವಕೀಲರೊಬ್ಬರ ಗುಮಾಸ್ತರು. ಕರಿ ಕೋಟು, ಕಂಕುಳಲ್ಲಿ ಚರ್ಮದ ಚೀಲ, ಮುಖದ ತುಂಬ ಪೆಟ್ರೋಲು ಸಿಗದ ಯುದ್ಧಕಾಲದ ಇದ್ದಿಲು ಗ್ಯಾಸಿನ ಬಸ್ಸಿನ ಮಸಿ. ಹಿಂದಿದ್ದವರು ಶಿವನಸಮುದ್ರದ ವಿದ್ಯುತ್ ಕೇಂದ್ರದಲ್ಲಿ ಟರ್ಬೈನು ನೋಡಿಕೊಳ್ಳುವ ಮೇಸ್ತ್ರಿ. ಐವತ್ತು ದಾಟಿದ ಗಟ್ಟಿ ಆಳು. ಎರಡೂ ಅಂಗೈ ಸೇರಿಸಿ ಒಂದು ಕೆಂಪು ವಸ್ತ್ರದ ಗಂಟನ್ನು ಹಿಡಿದಿದ್ದರು. ಉರಿಯುವ ಆರತಿ ತಟ್ಟೆ ಹಿಡಿದವರ ಹಾಗೆ ನಡೆದು ಬಂದು ಅದನ್ನು ನನ್ನ ಮೇಜಿನ ಮೇಲಿಟ್ಟರು. ಇಟ್ಟರೂ ಕೈ ಮಾತ್ರ ತೆಗೆಯಲಿಲ್ಲ.

"ಕೈ ತೆಗೀರಿ ಮೇಸ್ತ್ರಿ, ಅವರು ನೋಡಬೇಡವೆ?" ಎಂದರು ಗುಮಾಸ್ತರು.

"ನೋಡ್ಲಿ ಸ್ವಾಮಿ. ಮುಚ್ಚಳ ಮಾತ್ರ ತಗೀಬಾರ್ದು. ಅದೊಂದು ಮಾತು ಕೊಟ್ರೆ ಕೈ ತಗೀತೀನಿ."

ಮುಚ್ಚಳ ತೆಗೆಯದೆ ಗಡಿಯಾರ ನೋಡು ಅನ್ನುವುದು ಬಾಯಿ ತೆಗೆಸದೆ ಹಲ್ಲು ನೋಡು ಅಂದ ಹಾಗೆ. ನನಗೆ ನಗು ಬಂತು. ಆಗ ನನಗೆ ಮೂವತ್ತೈದರ ಆಸುಪಾಸು. ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಕೂತರೆ ಬ್ರಹ್ಮ ಬರೆದದ್ದನ್ನೂ ತಿದ್ದಬಲ್ಲೆ ಎಂಬ ಸೊಕ್ಕಿದ್ದ ವಯಸ್ಸು. "ಆಗಲಿ, ಮುಚ್ಚಳ ತೆಗೆಯೋದಿಲ್ಲ" ಎಂದೆ.

ಗಂಟು ಬಿಚ್ಚಿದರು. ಒಳಗಿದ್ದದ್ದು ಒಂದು ದೊಡ್ಡ ಜೇಬುಗಡಿಯಾರ. ಬಿಳಿ ಎನಾಮಲ್ಲಿನ ಮುಖ, ಕರಿಯ ರೋಮನ್ ಅಂಕಿ, ಸ್ವಿಟ್ಜರ್ಲೆಂಡಿನ ದೊಡ್ಡ ಮನೆತನವೊಂದರ ಹೆಸರು. ಅಂಥದ್ದು ಅಸಲಿಯಾಗಿದ್ದರೆ ನಮ್ಮ ಸೀಮೆಗೆಲ್ಲ ಒಂದೋ ಎರಡೋ ಇರಬಹುದು. ಅದು ಓಡುತ್ತಲೇ ಇತ್ತು.

ಗುಮಾಸ್ತರು ವಿಷಯ ಹೇಳಿದರು. ಒಂಬತ್ತು ವರ್ಷದ ಹಿಂದೆ ಶಿವನಸಮುದ್ರಕ್ಕೆ ಹೊಸ ಯಂತ್ರ ಕೂಡಿಸಲು ಬಂದಿದ್ದ ಒಬ್ಬ ಬಿಳಿ ಇಂಜಿನಿಯರು ರಜೆಗೆಂದು ಊರಿಗೆ ಹೊರಟಾಗ ತನ್ನ ಗಡಿಯಾರವನ್ನು ಈ ಮೇಸ್ತ್ರಿಯ ಕೈಗೆ ಕೊಟ್ಟಿದ್ದ. ಆರು ತಿಂಗಳಲ್ಲಿ ಬರುತ್ತೇನೆ, ದಿನಾ ಬೆಳಿಗ್ಗೆ ಕೀ ಕೊಡು, ಮುಚ್ಚಳ ತೆಗೆಯಬೇಡ, ಒಳಗೆ ನೋಡಬೇಡ, ನಾನು ಬರದೆ ಹೋದರೆ ನನ್ನ ಮಗನ ಕೈಗೆ ಕೊಡು ಎಂದಿದ್ದ. ಅವನು ಬರಲಿಲ್ಲ. ಅಲ್ಲೇ ಕಾಯಿಲೆ ಬಿದ್ದ, ಆಮೇಲೆ ಯುದ್ಧ ಬಂತು, ಹೋದ ವರ್ಷ ತೀರಿಕೊಂಡ. ಮಗ ಈಗ ಪಟಾಲಮ್ಮಿನ ಅಧಿಕಾರಿಯಾಗಿ ಬೆಂಗಳೂರಿಗೆ ಬಂದಿದ್ದಾನೆ. ಬರುವ ಸೋಮವಾರ ಗಡಿಯಾರ ತೆಗೆದುಕೊಳ್ಳಲು ಶಿವನಸಮುದ್ರಕ್ಕೆ ಹೋಗುತ್ತಾನೆ. ಮೊದಲೊಮ್ಮೆ ನೋಡಿಬರಲು ಗುಮಾಸ್ತರನ್ನು ಕಳಿಸಿದ್ದ.

"ತಂದೆ ಬರೆದಿಟ್ಟ ಕಾಗದ ನನ್ನ ಹತ್ತಿರ ಇದೆ," ಎಂದು ಗುಮಾಸ್ತರು ಚೀಲ ತಟ್ಟಿದರು. "ಬೆನ್ನಿನ ಮೇಲೆ ನನ್ನ ಹೆಸರಿನ ಮೂರು ಅಕ್ಷರ ಕೆತ್ತಿದೆ, ಮುಚ್ಚಳದ ಅಂಚಿಗೆ ಕೆಂಪು ಅರಗಿನ ಮುದ್ರೆ ಹಾಕಿದ್ದೇನೆ ಅಂತ ಬರೆದಿದ್ದಾರೆ. ಇಲ್ಲಿ ಅಕ್ಷರವೂ ಇಲ್ಲ, ಅರಗೂ ಇಲ್ಲ. ಅಸಲು ಮಾರಿ ನಕಲಿ ತಂದಿಟ್ಟಿದ್ದಾರೆ ಅಂತ ನನ್ನ ಅನುಮಾನ. ನೀವು ಬರೆದುಕೊಟ್ಟರೆ ಸೋಮವಾರ ಮಳವಳ್ಳಿ ಪೋಲೀಸಿಗೆ ಕೊಡ್ತೀವಿ."

ನಾನು ಮೇಸ್ತ್ರಿಯ ಕಡೆ ನೋಡಿದೆ. "ಅರಗು ಎಲ್ಲಿ ಹೋಯಿತು?"

ಅವರು ನೆಲ ನೋಡಿದರು. "ಗೊತ್ತಿಲ್ಲ ಸ್ವಾಮಿ."

"ಅಕ್ಷರ?"

"ಇತ್ತು. ಬರ್ತಾ ಬರ್ತಾ ಓಯ್ತು."

ಚಿನ್ನದ ಮೇಲೆ ಕೆತ್ತಿದ ಅಕ್ಷರ ಬರುತ್ತ ಬರುತ್ತ ಹೋಗುತ್ತದೆಯೆ? ಸುಳ್ಳು ಹೇಳಲೂ ಬಾರದ ಮನುಷ್ಯ ಎಂದುಕೊಂಡೆ.

ಪರೀಕ್ಷೆ ಶುರು ಮಾಡಿದೆ. ಬೆನ್ನು ಕನ್ನಡಿಯಂತೆ ನುಣ್ಣಗಿತ್ತು. ವಿಲಾಯಿತಿ ಗಡಿಯಾರದ ಚಿನ್ನಕ್ಕೆ ತಾಮ್ರ ಬೆರೆತ ನಸುಗೆಂಪು ಇರುತ್ತದೆ. ಇದು ಅರಿಸಿನದ ಹಾಗೆ ಹಳದಿ. ಹಿತ್ತಾಳೆಗೆ ಚಿನ್ನದ ನೀರು ಕುಡಿಸಿದ ಗಿಲೀಟಿಗೆ ಅಂಥ ಬಣ್ಣ ಬರುತ್ತದೆ. ಸರಪಳಿ ಸಿಕ್ಕಿಸುವ ಮೇಲಿನ ಬಳೆಯ ಮೇಲೆ ಇರಬೇಕಾದ, ಚಿನ್ನ ಅಸಲಿ ಎಂದು ಸಾರುವ ಮುದ್ರೆಯ ಜಾಗದಲ್ಲಿ ಒಂದು ಸಣ್ಣ ಸವಕಳಿ ತಗ್ಗು, ಅಷ್ಟೆ. ಕೀಲಿನ ಸಂದಿಯಲ್ಲಿ ಏನೋ ಕೆಂಪು ಪುಡಿ. ಕಿವಿಗೆ ಹಿಡಿದೆ. ಬಡಿತ ಕ್ರಮವಾಗಿತ್ತು, ಆದರೆ ಸೋತ ಹಾಗೆ ಮೆಲ್ಲಗಿತ್ತು.

ಕೊನೆಗೆ ನನ್ನ ಮೆಚ್ಚಿನ ಪರೀಕ್ಷೆ. ಶಿವನಸಮುದ್ರದಿಂದ ನನ್ನಲ್ಲಿಗೆ ಬರುವ ಗಡಿಯಾರಗಳಿಗೆಲ್ಲ ಒಂದೇ ರೋಗ. ಡೈನಮೋ ಪಕ್ಕ ನಿಂತು ನಿಂತು ಒಳಗಿನ ಉಕ್ಕಿಗೆ ಅಯಸ್ಕಾಂತದ ಗುಣ ಹತ್ತುತ್ತದೆ. ಗಡಿಯಾರದ ಜೀವವೆಂದರೆ ಅತ್ತಿತ್ತ ತೂಗುವ ಒಂದು ಚಕ್ರ, ಅದನ್ನು ಎಳೆದು ಬಿಡುವ ಕೂದಲೆಳೆಯಂಥ ಒಂದು ಸುರುಳಿ. ಆ ಸುರುಳಿಗೆ ಅಯಸ್ಕಾಂತ ಹತ್ತಿದರೆ ಸುತ್ತುಗಳು ಒಂದನ್ನೊಂದು ಕಚ್ಚಿಕೊಂಡು ಗಡಿಯಾರ ಹುಚ್ಚು ಕುದುರೆಯಂತೆ ಮುಂದೆ ಓಡುತ್ತದೆ. ಇದನ್ನು ಕಂಡುಹಿಡಿಯಲು ಮುಚ್ಚಳ ತೆಗೆಯಬೇಕಿಲ್ಲ. ಸಣ್ಣ ದಿಕ್ಸೂಚಿಯೊಂದನ್ನು ಗಡಿಯಾರದ ಮೇಲಿಟ್ಟರೆ ಸಾಕು, ಒಳಗಿನ ಚಕ್ರ ತೂಗಿದ ಹಾಗೆಲ್ಲ ಮೇಲೆ ಸೂಜಿ ನಡುಗುತ್ತದೆ.

ದಿಕ್ಸೂಚಿ ಇಟ್ಟೆ. ಸೂಜಿ ಒಂದು ಕಡೆ ಕೊಂಚ ವಾಲಿತು. ನಡುಗಲಿಲ್ಲ.

ನನ್ನ ಮಟ್ಟಿಗೆ ಅಲ್ಲಿಗೆ ಮುಗಿಯಿತು. "ಡೈನಮೋ ಪಕ್ಕ ವರ್ಷಗಟ್ಟಲೆ ಇದ್ದ ಗಡಿಯಾರವಾಗಿದ್ದರೆ ಇಷ್ಟು ಹೊತ್ತಿಗೆ ಸೂಜಿ ಕುಣೀಬೇಕಿತ್ತು," ಎಂದೆ ಗುಮಾಸ್ತರಿಗೆ, ಬೀಗುತ್ತಾ. "ಇದು ವಿದ್ಯುತ್ ಕೇಂದ್ರದ ಬಾಗಿಲನ್ನೇ ಕಂಡದ್ದಲ್ಲ." ಪತ್ರದಲ್ಲಿ ಹೇಳಿರುವ ಗಡಿಯಾರ ಇದಲ್ಲವೆಂದು ನನ್ನ ಅಭಿಪ್ರಾಯ ಎಂದು ಒಂದು ಚೀಟಿ ಬರೆದು, ರುಜು ಹಾಕಿ, ಅಂಗಡಿಯ ಮೊಹರನ್ನೂ ಒತ್ತಿ ಕೊಟ್ಟೆ. ಒತ್ತುವಾಗ ಸ್ವಲ್ಪ ಜೋರಾಗಿಯೇ ಒತ್ತಿದೆ.

ಮೇಸ್ತ್ರಿ ಗಡಿಯಾರವನ್ನು ಮತ್ತೆ ವಸ್ತ್ರದಲ್ಲಿ ಸುತ್ತಿಕೊಂಡರು. "ನಾನು ಕಳ್ಳ ಅಂತ ಬರುದ್ರಾ ಸ್ವಾಮಿ?"

"ನಾನು ಗಡಿಯಾರದ ವಿಷಯ ಬರೆದೆ ಮೇಸ್ತ್ರಿ. ನಿಮ್ಮ ವಿಷಯ ಅಲ್ಲ."

"ಎಲ್ಡೂ ಒಂದೇಯಾ ಅಲ್ವಾ," ಎಂದರು ಅವರು. ಸಿಟ್ಟಿಲ್ಲದೆ, ಲೆಕ್ಕ ಸರಿಯಿದೆಯೇ ಎಂದು ಕೇಳಿದ ಹಾಗೆ ಕೇಳಿ, ಮೆಟ್ಟಿಲಿಳಿದು ಹೋದರು.

ಬುಧವಾರ ಒಬ್ಬ ಲೈನ್‌ಮನ್ನು ತನ್ನ ಗಡಿಯಾರ ತಂದ. ದಿನಕ್ಕೆ ಅರ್ಧ ಗಂಟೆ ಮುಂದೆ ಹೋಗುತ್ತದೆ ಎಂದ. ಅಭ್ಯಾಸದಂತೆ ದಿಕ್ಸೂಚಿ ಇಟ್ಟೆ. ಸೂಜಿ ಒಂದು ಕಡೆ ವಾಲಿ, ವಾಲಿದಲ್ಲೇ ಗಡಗಡ ನಡುಗಿತು. ಬೆಳಕು ಸಾಲದೆಂದು ಗಡಿಯಾರವನ್ನು ಅರ್ಧ ಸುತ್ತು ತಿರುಗಿಸಿದೆ. ಸೂಜಿ ಈ ಕಡೆಯಿಂದ ಆ ಕಡೆಗೆ ವಾಲಿತು.

ನನ್ನ ಕೈ ಅಲ್ಲೇ ನಿಂತಿತು. ವಾಲುವುದು ಬೇರೆ, ನಡುಗುವುದು ಬೇರೆ. ನಡುಗಿಸುವುದು ತೂಗುವ ಚಕ್ರ ಮತ್ತು ಅದರ ಸುರುಳಿ. ವಾಲಿಸುವುದು ಕೀ ಕೊಟ್ಟಾಗ ಬಿಗಿಯುವ ದೊಡ್ಡ ಸ್ಪ್ರಿಂಗು. ಸುಮ್ಮನೆ ಉಕ್ಕಾದರೆ ಸೂಜಿಯ ಯಾವ ತುದಿಯನ್ನಾದರೂ ತನ್ನ ಕಡೆಗೇ ಎಳೆಯುತ್ತದೆ. ಅಯಸ್ಕಾಂತ ಹತ್ತಿದ ಉಕ್ಕು ಮಾತ್ರ ಒಂದು ತುದಿಯನ್ನು ಎಳೆದು ಇನ್ನೊಂದನ್ನು ದೂಡುತ್ತದೆ, ಗಡಿಯಾರ ತಿರುಗಿಸಿದರೆ ಸೂಜಿ ಪಕ್ಷ ಬದಲಾಯಿಸುತ್ತದೆ. ಮೇಸ್ತ್ರಿಯ ಗಡಿಯಾರದ ಮೇಲೆ ಸೂಜಿ ವಾಲಿದ್ದನ್ನು ನಾನು ನೋಡಿದ್ದೆ. ತಿರುಗಿಸಿ ನೋಡಿರಲಿಲ್ಲ.

ಪಕ್ಷ ಬದಲಾಗುವುದಾದರೆ? ಆಗ ಆ ಗಡಿಯಾರ ಡೈನಮೋ ಪಕ್ಕ ಇದ್ದದ್ದು ನಿಜ. ದೊಡ್ಡ ಸ್ಪ್ರಿಂಗಿಗೆ ಅಯಸ್ಕಾಂತ ಹತ್ತಿದೆ. ಆದರೆ ಅದರ ಪಕ್ಕದಲ್ಲೇ ಇರುವ ಜೀವದ ಸುರುಳಿಗೆ ಹತ್ತಿಲ್ಲ. ಅದು ಹೇಗೆ?

ನನ್ನ ಗುರುಗಳು ಒಮ್ಮೆ ಹೇಳಿದ್ದ ಮಾತು ಆಗ ನೆನಪಾಯಿತು. ವಿದ್ಯುತ್ ಕೆಲಸದವರಿಗೆಂದೇ ಉಕ್ಕು ಬಿಟ್ಟು ಪಲ್ಲಾಡಿಯಂ ಎಂಬ ಲೋಹದಲ್ಲಿ ಸುರುಳಿ ಮಾಡಿ ಹಾಕಿದ ಗಡಿಯಾರಗಳಿವೆ, ಅವಕ್ಕೆ ಅಯಸ್ಕಾಂತ ತಗಲುವುದಿಲ್ಲ, ಅವನ್ನು ದೊಡ್ಡ ಮನೆತನಗಳು ಮಾತ್ರ ಹೇಳಿಮಾಡಿಸಿ ಕೊಡುತ್ತವೆ ಎಂದಿದ್ದರು. ಕೇಳಿದ್ದೆ, ಕಂಡಿರಲಿಲ್ಲ. ಕಾಣದ್ದನ್ನು ಇಲ್ಲವೆಂದೇ ಎಣಿಸಿಬಿಟ್ಟಿದ್ದೆ. ಡೈನಮೋ ನಡುವೆ ಬಾಳುವ ಇಂಜಿನಿಯರು ಬೇರೆ ಯಾವ ಗಡಿಯಾರ ತಾನೇ ಮಾಡಿಸಿಕೊಂಡಾನು? ಯಾವ ಸಾಕ್ಷಿ ಹಿಡಿದು ಆ ಮನುಷ್ಯನನ್ನು ಕಳ್ಳನೆಂದು ಬರೆದಿದ್ದೆನೋ ಅದೇ ಸಾಕ್ಷಿ ಈಗ ಅವರ ಕಡೆ ತಿರುಗಿ ನಿಂತಿತ್ತು.

ಆದರೂ ಇಡೀ ಮಧ್ಯಾಹ್ನ ಸುಮ್ಮನೆ ಕೂತಿದ್ದೆ. ಮೊಹರು ಒತ್ತಿ ಕೊಟ್ಟ ಮಾತನ್ನು ವಾಪಸು ತೆಗೆದುಕೊಳ್ಳುವುದೆಂದರೆ ಉಗುಳಿದ್ದನ್ನು ನೆಕ್ಕಿದ ಹಾಗೆ. ಒಮ್ಮೆ ಹಾಗೆ ಮಾಡಿದವನ ಹತ್ತಿರ ಆಮೇಲೆ ಯಾರು ಗಡಿಯಾರ ತರುತ್ತಾರೆ? ಅಷ್ಟೇ ಅಲ್ಲ, ನನ್ನ ಹೊಸ ಊಹೆಯೂ ತಪ್ಪಾಗಿದ್ದರೆ? "ಎಲ್ಡೂ ಒಂದೇಯಾ ಅಲ್ವಾ" ಎಂದ ಆ ದನಿ ಮಾತ್ರ ಕಿವಿಯಿಂದ ಹೋಗಲೊಲ್ಲದು. ಸಂಜೆಗೆ ಅಂಗಡಿಯ ಬಾಗಿಲಿಗೆ ಸೋಮವಾರದವರೆಗೆ ರಜೆ ಎಂದು ಬರೆದು ಅಂಟಿಸಿದೆ.

ಗುರುವಾರ ಬೆಳಗಿನ ರೈಲಿಗೆ ಮದ್ದೂರಿಗೆ ಹೋಗಿ, ಸ್ಟೇಷನ್ನಿನ ಗಡಿಯಾರಕ್ಕೆ ನನ್ನ ಕೈಗಡಿಯಾರ ಹೊಂದಿಸಿಕೊಂಡು, ಮಳವಳ್ಳಿ ಬಸ್ಸು ಹತ್ತಿದೆ. ಬಸ್ಸಿನ ಬೆನ್ನಿಗೆ ಇದ್ದಿಲ ಒಲೆ. ಪ್ರತಿ ಏರಿನಲ್ಲೂ ಅದಕ್ಕೆ ಉಸಿರು ಕಟ್ಟುತ್ತಿತ್ತು, ನಾವು ಇಳಿದು ನೂಕುತ್ತಿದ್ದೆವು. ಬಂಡೂರಿನ ರೈತನೊಬ್ಬ ತನ್ನ ಟಗರನ್ನು ಮಾತ್ರ ಬಸ್ಸಿನಿಂದ ಇಳಿಸಲಿಲ್ಲ. "ಅದ್ಯಾಕಪ್ಪಾ ನೂಕ್ತದೆ? ಅದ್ಕೂ ಟಿಕೀಟು ತಗಂಡಿವ್ನಿ ಕಣ್ಲಾ" ಎಂದು ಕಂಡಕ್ಟರಿಗೇ ದಬಾಯಿಸಿದ. ಬ್ಲಫ್ ಎಂದು ಎಲ್ಲರೂ ಕರೆಯುವ ಶಿವನಸಮುದ್ರದ ಕಾಲೊನಿ ಮುಟ್ಟುವಾಗ ಹೊತ್ತು ಇಳಿದಿತ್ತು.

ಮೇಸ್ತ್ರಿ ಪಾಳಿ ಮುಗಿಸಿ ಬಂದಿರಲಿಲ್ಲ. ಬಾಗಿಲು ತೆಗೆದವರು ಅವರ ಹೆಂಡತಿ. ನಾನು ಯಾರೆಂದು ತಿಳಿದ ಕೂಡಲೆ ಮುಖ ಗಂಟಾಯಿತು.

"ಇನ್ನೇನು ಉಳುದದೆ ಅಂತ ಬಂದ್ರಿ? ನಿಮ್ಮ ಚೀಟಿ ಓದುಸ್ಕಂಡು ಮೂರು ದಿನದಿಂದ ಉಂಡಿಲ್ಲ ಆ ಮನುಸ್ಯ."

"ತಪ್ಪು ಮಾಡಿದ್ದೀನೋ ಏನೋ ನೋಡೋಕೆ ಬಂದೆ ತಾಯಿ," ಎಂದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ಅಳೆದರು. ಆಮೇಲೆ ಚಾಪೆ ಹಾಸಿ ನೀರು ಕೊಟ್ಟರು. ಗೂಡಿನಲ್ಲಿ ದೇವರ ಪಟಗಳ ನಡುವೆ ಗಡಿಯಾರವಿತ್ತು. ಅದರ ನೆತ್ತಿಯ ಮೇಲೆ ಕುಂಕುಮದ ಬೊಟ್ಟು. ಕೀಲಿನ ಸಂದಿಯ ಕೆಂಪು ಪುಡಿ ಯಾವುದೆಂದು ಆಗ ತಿಳಿಯಿತು.

"ಇದಕ್ಕೆ ಪೂಜೆ ಮಾಡ್ತೀರಾ?"

"ಮಾಡ್ದೆ ಇರಾಕಾಯ್ತದಾ? ದೊರೆ ಕೊಟ್ಟೋದ ಪದಾರ್ತ. ವರ್ಸಾ ವರ್ಸಾ ಆಯುಧಪೂಜೆಗೆ ಇವ್ರು ಮಿಸಿನ್ ತಾವುಕ್ಕೆ ಓಯ್ತಾರೆ, ಡೈನಮೋ ಮುಂದೆ ಮಡಗಿ ಪೂಜೆ ಮಾಡ್ತಾರೆ. ಅದ್ಕೆ ಮುಂಚೆ ನಾನು ಚೆಂದಾಗಿ ಬೆಳಗಿ ಕೊಡ್ತೀನಿ."

"ಯಾವುದರಲ್ಲಿ ಬೆಳಗ್ತೀರಿ?"

"ಇನ್ಯಾತ್ರಾಗೆ? ಉಣ್ಸೇಅಣ್ಣು, ಇಟ್ಟಿಗೆ ಪುಡಿ. ನೀರು ಒಳೀಕೆ ಓಗ್ದಂಗೆ ಬಟ್ಟೇಲಿ ಅದ್ದಿ ಉಜ್ಜೋದು. ಮೊದ್ಲು ಬೆನ್ನಿನ ಮ್ಯಾಲೆ ಏನೋ ಗೀಚು ಗೀಚು ಇತ್ತು. ಈಗ ನೋಡಿ, ಮೊಖ ಕಾಣ್ತದೆ!"

ಆಕೆಯ ಮುಖದಲ್ಲಿ ಹೆಮ್ಮೆ. ಒಂಬತ್ತು ಆಯುಧಪೂಜೆ ಇಟ್ಟಿಗೆ ಪುಡಿ ತಿಂದರೆ ಕಲ್ಲಿನ ಮೇಲಿನ ಅಕ್ಷರವೂ ಉಳಿಯುವುದಿಲ್ಲ. ಇನ್ನು ಮೆತ್ತನೆಯ ಚಿನ್ನ. ಹುಣಸೆ ಹುಳಿ ಚಿನ್ನದ ಮೇಲ್ಮೈಯ ತಾಮ್ರವನ್ನು ತಿಂದು ಹಳದಿ ಬರಿಸುತ್ತದೆ ಎಂಬುದು ಊರಿನ ಪ್ರತಿ ಅಕ್ಕಸಾಲಿಗೂ ಗೊತ್ತಿರುವ ಮಾತು. ನನಗೂ ಗೊತ್ತಿತ್ತು. ಹಿತ್ತಾಳೆ ತಂಬಿಗೆಯಂತೆ ಯಾರಾದರೂ ಗಡಿಯಾರ ತೊಳೆದಾರು ಎಂದು ಮಾತ್ರ ಹೊಳೆದಿರಲಿಲ್ಲ.

"ಅಂಚಿನಲ್ಲಿ ಕೆಂಪಗೆ ಏನಾದರೂ ಅಂಟಿತ್ತೇನಮ್ಮ?"

"ಉಂ. ಮೊದಲ್ನೇ ವರ್ಸ. ಕುಂಕುಮ ಅಂಟಿ ಗಟ್ಟಿಯಾಗದೆ ಅಂದ್ಕಂಡು ಕೆರುದಾಕ್ದೆ."

ಬಾಗಿಲಲ್ಲಿ ಕೆಮ್ಮಿದ ಸದ್ದಾಯಿತು. ಮೇಸ್ತ್ರಿ ಬಂದು ನಿಂತಿದ್ದರು. "ನೀ ಸುಮ್ಕಿರು," ಎಂದರು ಹೆಂಡತಿಗೆ. ಅವರ ಮುಖ ನೋಡಿದಾಗ ಎಲ್ಲ ಅರ್ಥವಾಯಿತು. ಅರಗು ಎಲ್ಲಿ ಹೋಯಿತೆಂದು ಅವರಿಗೆ ಒಂಬತ್ತು ವರ್ಷದಿಂದ ಗೊತ್ತಿತ್ತು. ಹೆಂಡತಿಯ ಹೆಸರು ಹೇಳುವುದಕ್ಕಿಂತ ಕಳ್ಳನೆನಿಸಿಕೊಳ್ಳುವುದೇ ಮೇಲೆಂದು ನನ್ನ ಅಂಗಡಿಯಲ್ಲಿ ನೆಲ ನೋಡುತ್ತಾ ನಿಂತಿದ್ದರು.

"ಯಾಕೆ, ನಾನೇನ್ ಮಾಡ್ದೆ?" ಎಂದರು ಆಕೆ. ಅವರಿಬ್ಬರೂ ನನ್ನನ್ನೇ ನೋಡಿದರು. "ನೀವೇನೂ ತಪ್ಪು ಮಾಡಿಲ್ಲ ತಾಯಿ. ನೀವು ಹೇಳಿದ್ದೇ ಒಳ್ಳೇದಾಯ್ತು," ಎಂದೆ.

ಗೂಡಿನಿಂದ ಗಡಿಯಾರ ಇಳಿಸಿಕೊಂಡೆ. ದಿಕ್ಸೂಚಿ ಮೇಲಿಟ್ಟೆ. ಸೂಜಿ ಎಡಕ್ಕೆ ವಾಲಿತು. ಗಡಿಯಾರವನ್ನು ಅರ್ಧ ಸುತ್ತು ತಿರುಗಿಸಿದೆ. ಸೂಜಿ ನಿಧಾನಕ್ಕೆ ಎದ್ದು ಬಲಕ್ಕೆ ವಾಲಿತು, ಒಂದಿಷ್ಟೂ ನಡುಗದೆ ಅಲ್ಲಿ ನಿಂತಿತು.

ಆಮೇಲೆ ಇನ್ನೊಂದು ಕೆಲಸ ಮಾಡಿದೆ. ಬೆನ್ನನ್ನು ಇಳಿಬಿಸಿಲಿಗೆ ಓರೆಯಾಗಿ ಹಿಡಿದು ಬಾಯಿಂದ ಹಬೆ ಊದಿದೆ. ಕೆತ್ತನೆ ಸವೆದು ಹೋದರೂ ಉಳಿ ಬಿದ್ದ ಕಡೆ ಲೋಹ ಒತ್ತಿ ಗಟ್ಟಿಯಾಗಿರುತ್ತದೆ. ಹಬೆ ಅಲ್ಲಿ ಬೇರೆ ಥರ ಕೂರುತ್ತದೆ, ಬೇರೆ ಥರ ಆರುತ್ತದೆ. ಮಂಜು ಸರಿಯುವಾಗ ಒಂದು ಕ್ಷಣ, ಕಣ್ಣು ಮಿಟುಕಿಸುವಷ್ಟು ಹೊತ್ತು, ಹಳದಿ ಬಯಲಿನಲ್ಲಿ ಮೂರು ಬಳುಕು ಅಕ್ಷರಗಳು ಮೂಡಿ ಮಾಯವಾದವು. ಮತ್ತೆ ಊದಿದೆ. ಮತ್ತೆ ಬಂದವು. ಮೇಸ್ತ್ರಿಯನ್ನು ಕರೆದು ತೋರಿಸಿದೆ. ಅವರು ನೋಡಿ ಕೈ ಮುಗಿದರು. "ಒಳೀಕೇ ಅವೆ," ಎಂದರು, ಅಷ್ಟೆ.

ಅಕ್ಷರ ಹೊರಗಿನ ಕವಚಕ್ಕೆ ಮಾತ್ರ ಸಾಕ್ಷಿ. ಒಳಗಿನ ಯಂತ್ರ ಬದಲಾಗಿಲ್ಲವೆಂದು ಗುಮಾಸ್ತರ ಬಾಯಿ ಮುಚ್ಚಿಸಲು ಅದು ಸಾಲದು. ಮುಂದಿನ ಮೂರು ದಿನ ಅಲ್ಲೇ ಉಳಿದೆ. ಮೊದಲ ದಿನ ಗಡಿಯಾರವನ್ನು ಮುಖ ಮೇಲಾಗಿ, ಎರಡನೆಯ ದಿನ ಮುಖ ಕೆಳಗಾಗಿ, ಮೂರನೆಯ ದಿನ ಗೋಡೆಗೆ ತೂಗುಹಾಕಿ ಓಡಿಸಿ, ಪ್ರತಿ ಪಾಳಿಯ ಸೈರನ್ನಿಗೂ ಕೇಂದ್ರದ ಗಡಿಯಾರದೊಂದಿಗೆ ತಾಳೆ ನೋಡಿ ಬರೆದುಕೊಂಡೆ. ಸಾಧಾರಣ ಗಡಿಯಾರಕ್ಕೆ ಮಲಗಿದಾಗ ಒಂದು ನಡೆ, ನಿಂತಾಗ ಇನ್ನೊಂದು. ಇದು ಒಂಬತ್ತು ವರ್ಷ ಎಣ್ಣೆ ಕಾಣದೆ ಒಳಗೆಲ್ಲ ಅಂಟಾಗಿರಬೇಕಾದದ್ದು. ಆದರೂ ಮೂರು ಭಂಗಿಯಲ್ಲೂ ಕೆಲವೇ ಸೆಕೆಂಡು ಆಚೀಚೆ. ಉಪವಾಸವಿದ್ದೂ ಹಾಡಿನ ತಾಳ ತಪ್ಪದ ಗಾಯಕನ ಹಾಗಿತ್ತು ಅದರ ಓಟ.

ಭಾನುವಾರ ಕೊನೆಯ ಪರೀಕ್ಷೆ. ಯುದ್ಧಕಾಲವಾದ್ದರಿಂದ ಕಾವಲು ಬಿಗಿಯಾಗಿತ್ತು. ಪಾಳಿಯ ಅಧಿಕಾರಿ ಮೇಸ್ತ್ರಿಯ ಮೇಲಿನ ವಿಶ್ವಾಸದಿಂದ ನನಗೆ ಎರಡು ಗಂಟೆಯ ಪರವಾನಗಿ ಕೊಟ್ಟು, ತಾವೂ ಸಾಕ್ಷಿಗೆ ನಿಲ್ಲುತ್ತೇನೆಂದರು. ಬಂಡೆಯ ಇಳಿಜಾರಿನಲ್ಲಿ ಹಗ್ಗಕ್ಕೆ ಕಟ್ಟಿದ ಟ್ರಾಲಿಯಲ್ಲಿ ಕೂತು ಕೆಳಗಿಳಿದೆವು. ಪಕ್ಕದಲ್ಲಿ ಆಳೆತ್ತರದ ಕೊಳವೆಗಳು, ಒಳಗೆ ಇಡೀ ಕಾವೇರಿ ಧುಮುಕುತ್ತಿರುವ ನಡುಕ. ಯಂತ್ರದ ಮನೆಯೊಳಗೆ ಕಾಲಿಟ್ಟಾಗ ಸದ್ದು ಕಿವಿಗೆ ಕೇಳಿಸಲಿಲ್ಲ, ಎದೆಗೂಡಿಗೆ ಬಡಿಯಿತು. ಅಷ್ಟು ದೊಡ್ಡ ಕಬ್ಬಿಣ ಅಷ್ಟು ನುಣ್ಣಗೆ ತಿರುಗುವುದನ್ನು ನಾನು ಕನಸಿನಲ್ಲೂ ಕಂಡಿರಲಿಲ್ಲ. ಇಲ್ಲಿಂದಲೇ ಅಲ್ಲವೆ ನನ್ನ ಅಂಗಡಿಯ ದೀಪಕ್ಕೆ ಕರೆಂಟು ಬರುವುದು ಎಂದು ನೆನೆದು ಬಾಯಿ ತೆರೆದು ನಿಂತೆ. ಜೇಬಿನಿಂದ ತೆಗೆದು ನೋಡಿದರೆ ದಿಕ್ಸೂಚಿಯ ಸೂಜಿಗೆ ಉತ್ತರ ದಿಕ್ಕೇ ಮರೆತುಹೋಗಿ ಗಿರಗಿರ ತಿರುಗುತ್ತಿತ್ತು.

ಸಣ್ಣ ಡೈನಮೋ ಪಕ್ಕ ಮರದ ಸ್ಟೂಲು ಹಾಕಿಸಿದೆ. ನನ್ನ ಕೈಗಡಿಯಾರವನ್ನು ಬಿಚ್ಚಿ ಮೊದಲು ಅದರ ಮೇಲಿಟ್ಟೆ. ಅದು ಒಳ್ಳೆಯ ಗಡಿಯಾರ, ಗುರುಗಳು ಕೊಟ್ಟದ್ದು. ಆದರೆ ಹೋಲಿಸಿ ನೋಡಲು ಒಂದು ಉಕ್ಕಿನ ಸುರುಳಿ ಬೇಕಿತ್ತು, ತಪ್ಪು ಮಾಡಿದವನ ಗಡಿಯಾರವೇ ಹೋಗಲಿ ಎನಿಸಿತು. ಆಮೇಲೆ ಮೇಸ್ತ್ರಿಯ ಕಿವಿಯಲ್ಲಿ ಕೂಗಿ ಹೇಳಿದೆ: "ಇದು ನಕಲಿ ಆಗಿದ್ದರೆ ಇಲ್ಲೇ ಕೆಡುತ್ತೆ. ನಾಳೆ ನಿಮಗೆ ಬೇರೆ ದಾರಿಯೇ ಇರೋಲ್ಲ. ಬೇಡ ಅಂದರೆ ಈಗಲೇ ಹೇಳಿ."

"ಮಡಗಿ ಸ್ವಾಮಿ," ಎಂದು ಅವರು ಕೂಗಿದರು. "ಒಂಬತ್ತು ಆಯುಧಪೂಜೇಲಿ ನಾನು ಮಡುಗ್ತಿದ್ದ ಜಾಗವೇಯಾ ಇದು!"

ಒಂದು ಗಂಟೆ ಇಟ್ಟೆವು. ಆಮೇಲೆ ಎರಡನ್ನೂ ಹೊರಗೆ, ಹೊಳೆಯ ಅಂಚಿನ ಬಂಡೆಯ ಮೇಲೆ, ಯಂತ್ರಗಳಿಂದ ದೂರ ತಂದೆವು. ಸೂಜಿಗೆ ದಿಕ್ಕು ನೆನಪಾಗುವವರೆಗೆ ಕಾದೆ. ನನ್ನ ಗಡಿಯಾರದ ಮೇಲಿಟ್ಟರೆ ಜ್ವರ ಬಂದವರಂತೆ ನಡುಗಿತು. ದೊರೆಯ ಗಡಿಯಾರದ ಮೇಲಿಟ್ಟೆ. ಮೊದಲಿಗಿಂತ ಜೋರಾಗಿ ಒಂದು ಕಡೆ ವಾಲಿತು. ನಿಂತಿತು. ಕಾದೆ. ಪಾಳಿಯ ಅಧಿಕಾರಿಯೂ ಬಗ್ಗಿ ನೋಡುತ್ತಿದ್ದರು. ನಡುಗಲಿಲ್ಲ. ಅಷ್ಟು ದೊಡ್ಡ ಯಂತ್ರ ಇಡೀ ಒಂದು ಗಂಟೆ ತನ್ನ ಕಡೆಗೆಳೆದರೂ ಒಳಗೆ ಕತ್ತಲಲ್ಲಿ ಒಂದು ಕೂದಲೆಳೆಯಷ್ಟು ಲೋಹ ಏನೂ ಆಗದ ಹಾಗೆ ತೂಗುತ್ತಿತ್ತು. ಅದನ್ನು ಮಾಡಿದ ಕೈಗೆ, ಎಲ್ಲೋ ಹಿಮದ ನಾಡಿನ ಯಾವುದೋ ಕಸುಬುದಾರನಿಗೆ, ಬಂಡೆಯ ಮೇಲೆ ಕೂತಲ್ಲೇ ಮನಸ್ಸಿನಲ್ಲಿ ಅಡ್ಡಬಿದ್ದೆ. ನನ್ನ ಗಡಿಯಾರ ಸಂಜೆಯೊಳಗೆ ಇಪ್ಪತ್ತು ನಿಮಿಷ ಮುಂದೆ ಓಡಿತ್ತು.

ಸೋಮವಾರ ಹನ್ನೊಂದಕ್ಕೆ ಮಗ ಬಂದ. ಖಾಕಿ ಉಡುಪು, ಬಿಸಿಲಿಗೆ ಸುಲಿದ ಮೂಗು, ಮಾತು ಕಮ್ಮಿ. ಜೊತೆಗೆ ಗುಮಾಸ್ತರು, ಅವರ ಕೈಯಲ್ಲಿ ನನ್ನ ಚೀಟಿ. ಕಾಲೊನಿಯ ಮರದ ಕೆಳಗೆ ಮೇಜು ಹಾಕಿತ್ತು. ನಾನು ಎಲ್ಲಕ್ಕಿಂತ ಮೊದಲು ಆ ಚೀಟಿ ಈಸಿಕೊಂಡು, ಹರಿದರೆ ಮುಚ್ಚಿಟ್ಟ ಹಾಗಾಗುತ್ತದೆಂದು ಹರಿಯದೆ, ಅದರ ಕೆಳಗೇ 'ಮೇಲೆ ಬರೆದದ್ದು ತಪ್ಪು' ಎಂದು ಬರೆದು ರುಜು ಹಾಕಿದೆ.

"ಒಂದು ವಾರದಲ್ಲಿ ಗಡಿಯಾರ ಬದಲಾಯ್ತೋ, ನೀವು ಬದಲಾದಿರೋ?" ಎಂದರು ಗುಮಾಸ್ತರು.

"ನಾನೇ ಬದಲಾದೆ. ನೀವೂ ನೋಡಿ," ಎಂದೆ.

ಹಬೆ ಊದಿ ಅಕ್ಷರ ತೋರಿಸಿದೆ. ಮಗ ಅದನ್ನು ಕೈಗೆ ತೆಗೆದುಕೊಂಡು ತಾನೇ ಊದಿದ, ಮತ್ತೆ ಮತ್ತೆ ಊದಿದ. ಅಪ್ಪನ ಹೆಸರು ತನ್ನ ಉಸಿರಿನಲ್ಲಿ ಮೂಡಿ ಆರುವುದನ್ನು ನೋಡುತ್ತಿದ್ದ ಆ ಮಗನ ಮುಖ ನನ್ನಿಂದ ನೋಡಲಾಗಲಿಲ್ಲ. ಆಮೇಲೆ ದಿಕ್ಸೂಚಿಯ ಆಟ ತೋರಿಸಿದೆ, ನನ್ನ ಹುಚ್ಚು ಹಿಡಿದ ಗಡಿಯಾರವನ್ನೂ ಪಕ್ಕದಲ್ಲಿಟ್ಟೆ. ಪಾಳಿಯ ಅಧಿಕಾರಿ ತಾವು ಕಂಡದ್ದನ್ನು ಇಂಗ್ಲಿಷಿನಲ್ಲಿ ಹೇಳಿದರು. ಹುಣಸೆಹಣ್ಣಿನ ವಿಷಯವನ್ನೂ ಹೇಳಿದರು. ಮಗ ಮೊದಲ ಬಾರಿ ನಕ್ಕ. ಆಮೇಲೆ ಜೇಬಿನಿಂದ ಸಣ್ಣ ಚಾಕು ತೆಗೆದು ಅದರ ತುದಿಯನ್ನು ಅಂಚಿಗೆ ಹಚ್ಚಿದ. ಅವನದು, ತೆಗೆಯುವ ಹಕ್ಕು ಅವನಿಗಿತ್ತು. ಟಕ್ ಎಂದು ಮುಚ್ಚಳ ಎದ್ದಿತು.

ಎಲ್ಲರೂ ಬಗ್ಗಿದೆವು. ಗುಮಾಸ್ತರ ತಲೆಯೂ ನನ್ನ ತಲೆಯೂ ಢಿಕ್ಕಿ ಹೊಡೆದವು. ನಾನು ಏನು ಕಂಡೆನೋ ಅದನ್ನು ನನ್ನ ಕಸುಬಿನಲ್ಲಿ ಮತ್ತೆಂದೂ ಕಂಡಿಲ್ಲ. ನಮ್ಮ ಗಡಿಯಾರಗಳಲ್ಲೆಲ್ಲ ನೀಲಿಯಾಗಿರುವ ಆ ಸುರುಳಿ ಇಲ್ಲಿ ಬೆಳ್ಳಗಿತ್ತು. ಬೆಳ್ಳಗೆ, ಉಸಿರಾಡುತ್ತಿತ್ತು. ಮುಚ್ಚಳದ ಒಳಮೈಯಲ್ಲಿ ಎರಡು ಸಾಲು ಕೆತ್ತಿತ್ತು. ಇಟ್ಟಿಗೆ ಪುಡಿ ಮುಟ್ಟದ ಅಕ್ಷರಗಳು, ನಿನ್ನೆ ಕೆತ್ತಿದ ಹಾಗಿದ್ದವು. ಮಗ ಅದನ್ನು ಓದಿ ಬಹಳ ಹೊತ್ತು ತಲೆ ಎತ್ತಲಿಲ್ಲ. ನಾನೂ ಓದಿದೆ.

ಆಗ ಮೇಸ್ತ್ರಿ ಎಲ್ಲಿ ಎಂದು ತಿರುಗಿ ನೋಡಿದೆ. ಅವರು ನಮಗೆ ಬೆನ್ನು ಮಾಡಿ, ಕೊಳವೆಗಳ ಕಡೆ ಮುಖ ಮಾಡಿ ನಿಂತಿದ್ದರು. ಪಕ್ಕದಲ್ಲಿ ಹೆಂಡತಿ, ಆಕೆಯೂ ಹಾಗೆಯೇ, ಸೆರಗಿನಿಂದ ಕಣ್ಣು ಮುಚ್ಚಿಕೊಂಡು.

"ಬನ್ನಿ ಮೇಸ್ತ್ರಿ, ಈಗ ನೋಡಬಹುದು!" ಎಂದೆ.

"ಬ್ಯಾಡಿ ಸ್ವಾಮಿ. ನೋಡಾಕಿಲ್ಲ ಅಂದಿವ್ನಿ."

"ಅವರ ಮಗನೇ ತೆಗೆದಿದ್ದಾರಲ್ಲ."

"ಅವ್ರು ತಗೀಲಿ. ನಾನು ಮಾತು ಕೊಟ್ಟಿದ್ದು ಅವ್ರಿಗಲ್ಲ."

ಗುಮಾಸ್ತರು ಇದನ್ನು ಮಗನಿಗೆ ತಿಳಿಸಿದರು. ತಿಳಿಸುವಾಗ ಅವರ ದನಿ ಮೆತ್ತಗಾಗಿತ್ತು. ಮಗ ಮುಚ್ಚಳವನ್ನು ಸದ್ದಾಗುವ ಹಾಗೆ ಒತ್ತಿ ಮುಚ್ಚಿದ. ಆ ಸದ್ದು ಕೇಳಿದ ಮೇಲೆಯೇ ಗಂಡ ಹೆಂಡತಿ ಈ ಕಡೆ ತಿರುಗಿದರು. ಅವನು ಟೋಪಿ ತೆಗೆದು ಮೇಸ್ತ್ರಿಯ ಎದುರು ನಿಂತ. ಮೇಸ್ತ್ರಿ ಅವನ ಮುಖ ನೋಡದೆ ಗಡಿಯಾರವನ್ನೇ ನೋಡುತ್ತಾ, ಹೊಸ ಕೂಲಿಗೆ ಕೆಲಸ ಹೇಳಿಕೊಡುವ ದನಿಯಲ್ಲಿ, "ಇವತ್ತಿನ ಕೀ ನಾನು ಕೊಟ್ಟಿವ್ನಿ. ನಾಳೆ ಬೆಳಿಗ್ಗೆ ಸೈರನ್ ಒತ್ಗೆ ನೀವು ಕೊಡಿ. ಬಿಗಿ ಮಾಡ್ಬ್ಯಾಡಿ. ಮರೀಬ್ಯಾಡಿ," ಎಂದರು.

ಮಧ್ಯಾಹ್ನದ ಬಸ್ಸಿಗೆ ಮೇಸ್ತ್ರಿ ನನ್ನನ್ನು ಬಿಡಲು ಬಂದರು. ಬಸ್ಸಿನವರು ಇದ್ದಿಲು ಕೆದಕಿ ಗ್ಯಾಸು ಏಳಿಸುತ್ತಿದ್ದರು, ಹೊರಡಲು ಹೊತ್ತಿತ್ತು. ಒಳಗೆ ಕೆತ್ತಿದ್ದೇನೆಂದು ಕೇಳುತ್ತಾರೆ, ಹೇಳಿಬಿಡೋಣ ಎಂದು ನಾನು ಮಾತು ಜೋಡಿಸಿಕೊಂಡು ಕೂತಿದ್ದೆ. ಆ ಎರಡು ಸಾಲು ಮೇಸ್ತ್ರಿಗೇ ಸೇರಿದ್ದು. ನಾನು ಬಾಯಿ ತೆರೆಯುವುದರೊಳಗೆ ಅವರೇ ಕೈ ಅಡ್ಡ ಹಿಡಿದರು.

"ಒಳಗೇನದೆ ಅಂತ ಯೋಳ್ಬ್ಯಾಡಿ ಸ್ವಾಮಿ. ಕೇಳುದ್ರೂ ನೋಡ್ದಂಗೇಯಾ."

ಹಾಗಾಗಿ ಅದನ್ನು ನಾನು ಇಲ್ಲಿಯೂ ಬರೆಯುವುದಿಲ್ಲ. ಬಸ್ಸು ಅಲುಗಿತು. ಅವರು ಕಿಟಕಿಯ ಸರಳು ಹಿಡಿದು ಎರಡು ಹೆಜ್ಜೆ ಜೊತೆಯಲ್ಲಿ ಬಂದರು.

"ಒಂದ್ ಮಾತ್ರ ಯೋಳಿ. ಮುಚ್ಚಳ ತಗ್ದಾಗ್ಲೂ ಓಡ್ತಿತ್ತಾ?"

"ಓಡ್ತಿತ್ತು ಮೇಸ್ತ್ರಿ," ಎಂದೆ.

"ಅಷ್ಟು ಸಾಕು ಬುಡಿ," ಎಂದು ಅವರು ಸರಳು ಬಿಟ್ಟರು.